ಈ ಸಣ್ಣ 2 ಯಾರಿಗೆ ಸೇರಿದ್ದು?

"ಮೇಡಂ, ಈ ಸಣ್ಣ 2 ಯಾರಿಗೆ ಸೇರಿದ್ದು?"

ಡಿಟಿಪಿ ಅಂಗಡಿಯ ಹುಡುಗಿ ಮಂಗಳವಾರ ಕೇಳಿದ ಈ ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಬರುವ ಮಕ್ಕಳಿಗಾಗಿ ನಾವೊಂದಿಷ್ಟು ಉಪನ್ಯಾಸಕರು ಸೇರಿ ಗಣಿತದ ಅಭ್ಯಾಸ ಪುಸ್ತಕ ಮಾಡುತ್ತಿದ್ದೇವೆ. ಸಹೋದ್ಯೋಗಿಯೊಬ್ಬರ ಕೈಬರಹದಲ್ಲಿ 'ಸೈನ್ ಎಕ್ಸ್' ಅಂತ ಇತ್ತು. ಅದರ ಮೇಲೆ, ಎಲ್ಲಿಗೂ ಅಂಟದ ಹಾಗೆ, ಒಂದು 2.

ಅವಳು ಪಿಯುಸಿಯಲ್ಲಿ ಆರ್ಟ್ಸ್ ಓದಿದವಳು. ಆದರೂ ಅವಳು ಕೇಳಿದ್ದು ಗಣಿತದ ಪ್ರಶ್ನೆಯೇ. ಆ 2 ಬರೀ ಎಕ್ಸ್‌ಗೆ ಸೇರಿದ್ದರೆ ಅವಕಲನ (ಡಿಫರೆನ್ಷಿಯೇಷನ್) ಮಾಡಿದಾಗ 2 ಎಕ್ಸ್ ಕಾಸ್ ಎಕ್ಸ್ ಸ್ಕ್ವೇರ್ ಬರುತ್ತದೆ. ಇಡೀ ಸೈನ್‌ಗೆ ಸೇರಿದ್ದರೆ ಸೈನ್ 2 ಎಕ್ಸ್. ಮಕ್ಕಳು ತಪ್ಪುವುದು ಸರಿಯಾಗಿ ಇಲ್ಲೇ.

ಅದನ್ನು ಬರೆದ ಸಹೋದ್ಯೋಗಿಗೆ ಫೋನ್ ಮಾಡಿ ಕೇಳಿದೆ. "ಅವಳಿಗ್ಯಾಕೆ ಮೇಡಂ ಅದೆಲ್ಲ? ಇದ್ದ ಹಾಗೆ ಟೈಪ್ ಮಾಡಲಿ" ಅಂದರು. ಅವರು ಒಳ್ಳೆಯ ಮೇಷ್ಟ್ರು, ಬೋರ್ಡಿನ ಮುಂದೆ ನಿಂತರೆ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ಹೇಳುತ್ತಾರೆ. ಆದರೆ ಪುಸ್ತಕದ ಜೊತೆ ಅವರ ದನಿ ಹೋಗುವುದಿಲ್ಲ ಅಲ್ವಾ? ಹಳ್ಳಿಯ ಮನೆಯಲ್ಲಿ ಒಬ್ಬನೇ ಕೂತು ಓದುವ ಹುಡುಗನಿಗೆ ಸಿಗುವುದು ಹಾಳೆಯ ಮೇಲಿನ ಗುರುತು ಮಾತ್ರ.

ಅಂಗಡಿಯಲ್ಲಿ ಇರುವುದು ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ ಮತ್ತು ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳು ಕೂತಿವೆ. ಕನ್ನಡ ವಾಕ್ಯದ ನಡುವೆ ಒಂದು ಎಕ್ಸ್ ಬೇಕಾದರೂ ಫಾಂಟ್ ಬದಲಿಸಬೇಕು. ಮರೆತರೆ ಎಕ್ಸ್ ಇರಬೇಕಾದ ಕಡೆ ಇನ್ನೇನೋ ಮೂಡುತ್ತದೆ. 2 ಅನ್ನು ಮೇಲಕ್ಕೆ ಏರಿಸಬಹುದು, ಆದರೆ ಅದು ಸುಮ್ನೆ ಮೇಲೆ ನಿಂತ ಅಂಕಿ ಅಷ್ಟೇ. ಯಾರಿಗೆ ಸೇರಿದ್ದು ಅಂತ ಆ ಸಾಫ್ಟ್‌ವೇರ್ ಕೇಳುವುದೂ ಇಲ್ಲ, ನೆನಪಿಟ್ಟುಕೊಳ್ಳುವುದೂ ಇಲ್ಲ. ದೊಡ್ಡ ಸೂತ್ರಗಳನ್ನು ಬೇರೆ ಕಡೆ ಮಾಡಿ ಚಿತ್ರವಾಗಿ ಅಂಟಿಸುತ್ತಾರೆ. ಒಂದು ಚಿಹ್ನೆ ತಪ್ಪಿದರೆ ಇಡೀ ಚಿತ್ರವನ್ನು ಮತ್ತೆ ಮಾಡಬೇಕು.

ಎರಡು ಪುಟದ ಕಿರುಪರೀಕ್ಷೆಗೆ ವರ್ಡ್ ಸಾಕು. 2007ರ ಆವೃತ್ತಿಯಿಂದ ಬಂದ ಸಮೀಕರಣ ಸೌಲಭ್ಯದಲ್ಲಿ ಘಾತಕ್ಕೆ ಅದರದೇ ಚೌಕ ಇರುತ್ತದೆ. ಅದಕ್ಕೂ ಹಿಂದಿನ ಈಕ್ವೇಶನ್ ಎಡಿಟರ್ ಅನ್ನು ಭದ್ರತೆಯ ಕಾರಣಕ್ಕೆ 2018ರ ಜನವರಿಯಲ್ಲಿ ತೆಗೆದುಹಾಕಿದರು. ಅದರಲ್ಲಿ ಮಾಡಿದ ಸೂತ್ರಗಳು ಈಗಲೂ ಕಾಣುತ್ತವೆ, ಆದರೆ ಅದೇ ಉಪಕರಣದಲ್ಲಿ ತಿದ್ದಲು ಆಗುವುದಿಲ್ಲ. ವರ್ಷವರ್ಷವೂ ತಿದ್ದಬೇಕಾದ ಪುಸ್ತಕಕ್ಕೆ ಈ ಭಯ ಬೇಡ ಅನ್ನಿಸಿತು.

ನನ್ನ ಮನಸ್ಸು, ಬರಹವನ್ನೂ ಸೂತ್ರಗಳನ್ನೂ ಆದೇಶಗಳಾಗಿ ಟೈಪ್ ಮಾಡಿದರೆ ಪುಟ ಜೋಡಿಸಿಕೊಡುವ ಲೇಟೆಕ್‌ಗೆ ವಾಲಿದೆ. ಅದರ ಬುಡದಲ್ಲಿರುವ ಟೆಕ್ ಹುಟ್ಟಿದ್ದೇ ಇಂಥ ಸಂಕಟದಿಂದ. 1977ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದ ಹೊಸ ಆವೃತ್ತಿಯ ಅಚ್ಚಿನ ಕರಡು ನೋಡಿ ಬೇಸರಪಟ್ಟು, ತಾವೇ ಅಕ್ಷರ ಜೋಡಣೆಯ ಪ್ರೋಗ್ರಾಂ ಬರೆಯಲು ಕೂತರು. ಲೇಟೆಕ್‌ನಲ್ಲಿ ಎಕ್ಸ್ ಬರೆದು, ಘಾತದ ಚಿಹ್ನೆ ಹಾಕಿ, 10 ಅಂತ ಹೊಡೆದರೆ 1 ಮಾತ್ರ ಮೇಲೆ ಹೋಗುತ್ತದೆ, ಸೊನ್ನೆ ಕೆಳಗೇ ಉಳಿಯುತ್ತದೆ. ಎರಡೂ ಒಟ್ಟಿಗೆ ಹೋಗಬೇಕು ಅಂದರೆ ಪುಷ್ಪಾವರಣದಲ್ಲಿ ಹಾಕಿ ಹೇಳಬೇಕು. ಆ ಹುಡುಗಿ ಕೇಳಿದ್ದನ್ನೇ ಇದು ಪ್ರತಿ ಸಲ ಕೇಳುತ್ತದೆ.

ಕಷ್ಟ ಇಲ್ಲ ಅಂತಲ್ಲ. ಕನ್ನಡಕ್ಕೆ ಟೆಕ್‌ನ ಹೊಸ ರೂಪವಾದ ಝೀಟೆಕ್‌ನಂಥದ್ದು ಬೇಕು, ಕನ್ನಡ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಯೂನಿಕೋಡ್ ಫಾಂಟ್ ಬೇಕು, ಲಿಪಿ ಕನ್ನಡ ಅಂತ ಹೇಳಿಕೊಡಬೇಕು. ಇಲ್ಲದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ನುಡಿಯ ಹಳೆಯ ಕಡತಗಳನ್ನೆಲ್ಲ ಯೂನಿಕೋಡ್‌ಗೆ ಬದಲಿಸಬೇಕು. ಒಂದು ಆವರಣ ಮುಚ್ಚದೇ ಹೋದರೆ ದೋಷದ ಸಾಲುಗಳು ಸುರಿಯುತ್ತವೆ.

ಇನ್ನೊಂದು ಕಾರಣವೂ ಇದೆ. ಚಿತ್ರವಾಗಿ ಅಂಟಿಸಿದ ಸೂತ್ರ ಕಣ್ಣು ಕಾಣದ ವಿದ್ಯಾರ್ಥಿಗೆ ಬರೀ 'ಚಿತ್ರ'. ಪರದೆ ಓದುವ ತಂತ್ರಾಂಶ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಯಾವುದು ಯಾರಿಗೆ ಸೇರಿದ್ದು ಅನ್ನುವುದು ಮೂಲ ಕಡತದಲ್ಲೇ ಇದ್ದರೆ ಅದನ್ನು ವೆಬ್‌ನಲ್ಲಿ ಸೂತ್ರ ಬರೆಯುವ ಭಾಷೆಯಾದ ಮ್ಯಾಥ್‌ಎಂಎಲ್‌ಗೆ ಬದಲಿಸಿ ವೆಬ್ ಪುಟ ಮಾಡಬಹುದು, ಆಗ ಸೂತ್ರವನ್ನು ಓದಿ ಹೇಳಿಸಬಹುದು. ಪಿಡಿಎಫ್‌ನಲ್ಲಿ ಇದು ಅಷ್ಟು ಸಲೀಸಲ್ಲ.

"ನಮ್ಮ ಮಕ್ಕಳಿಗೆ ಇಷ್ಟೆಲ್ಲ ಯಾಕೆ, ಲೇಟೆಕ್ ಸಂಶೋಧನೆ ಮಾಡೋರಿಗೆ" ಅಂತಲೂ ಅದೇ ಸಹೋದ್ಯೋಗಿ ಹೇಳಿದರು. ಈ ಮಾತು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಸಂಶೋಧಕರು ಅಸ್ಪಷ್ಟ ಬರಹವನ್ನೂ ಸಂದರ್ಭ ನೋಡಿ ಸರಿಪಡಿಸಿಕೊಂಡು ಓದಬಲ್ಲರು. ಮೊದಲ ಸಲ ಕಲಿಯುವವರಿಗೆ ಅದು ಆಗದು. ಸ್ಪಷ್ಟವಾದ ಅಚ್ಚು ಜಾಸ್ತಿ ಬೇಕಿರುವುದು ಇವರಿಗೇ.

ಆ ಹುಡುಗಿ ಲೇಟೆಕ್ ಕಲಿಯಲು ಒಪ್ಪಿದ್ದಾಳೆ. ಅವಳ ಕಂಪ್ಯೂಟರ್‌ಗೆ ಹಾಕಿಕೊಟ್ಟು ಮೊದಲ ಅಧ್ಯಾಯ ಕೊಟ್ಟಿದ್ದೇನೆ. ಪುಸ್ತಕದಲ್ಲಿ ನಮ್ಮ ಹೆಸರುಗಳ ಜೊತೆ ಅವಳ ಹೆಸರೂ ಇರಲಿ ಅಂತ ಗುಂಪಿನಲ್ಲಿ ಕೇಳಿದೆ. ಯಾರೂ ಇನ್ನೂ ಹೂಂ ಅಂದಿಲ್ಲ. ಶನಿವಾರ ಎಲ್ಲರೂ ಸೇರಿದಾಗ ಮತ್ತೆ ಕೇಳುತ್ತೇನೆ.