ಜೆರಾಕ್ಸ್ ಹಿಡಿದು ನಿಂತ ಅವ್ವ

ನಿನ್ನೆ ಸಂಜೆ ಕಲಬುರಗಿಯ ಸೂಪರ್ ಮಾರ್ಕೆಟ್ ಬಸ್ ಸ್ಟಾಪಿನಲ್ಲಿ ನಮ್ಮ ಓಣಿಯ ಅಕ್ಕ ಸಿಕ್ಕರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಒಳಗೆ ಮಗನ ಶಾಲೆ ದಾಖಲೆಯ ಜೆರಾಕ್ಸ್, ಮಡಚಿ ಮಡಚಿ ಮಡಿಕೆಯಲ್ಲೇ ಹರಿದಿತ್ತು. ಹುಡುಗನಿಗೆ 15 ವರ್ಷ. ಮೊಬೈಲ್ ಕದ್ದ ಅಂತ ಕೇಸು. ಅಪ್ಪ ಪುಣೆಯಲ್ಲಿ ಗೌಂಡಿ ಕೆಲಸದಲ್ಲಿದ್ದಾರೆ.

"ತಮ್ಮಾ, ಕೇಸ್ ಆತಂದ್ರ ಮುಂದ ಇವನಿಗಿ ನೌಕ್ರಿ ಸಿಗಂಗಿಲ್ಲೇನು?"

ಆಗಲೇ ಗೊತ್ತಾಯಿತು, ಇಷ್ಟು ದಿನ ಓಡಾಡಿದರೂ ಇವರಿಗೆ ಯಾರೂ ಏನೂ ಹೇಳಿಲ್ಲ ಅಂತ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಇದಕ್ಕೆ ಉತ್ತರ ಇದೆ. ಈ ವಯಸ್ಸಿನ ಮಗುವಿನ ತಪ್ಪು ಸಾಬೀತಾದರೂ ಅದು ಮುಂದಿನ ಕೆಲಸಕ್ಕೆ ಅಡ್ಡಿ ಆಗಬಾರದು. ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಅಲ್ಲಿ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜ ಕಾರ್ಯಕರ್ತರೂ ಕೂರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆ ಇರಲೇಬೇಕು. ಮಗುವಿನ ಹೆಸರು, ಫೋಟೋ ಪೇಪರಿನಲ್ಲಿ ಬರಬಾರದು.

ಆದರೆ ನಮ್ಮ ಓಣಿಯ ವಾಟ್ಸಾಪ್ ಗುಂಪಿನಲ್ಲಿ ಅವನ ಫೋಟೋ ಆಗಲೇ ಓಡಾಡಿತ್ತು. 'ಕಳ್ಳ' ಅಂತ ಬರೆದು. ನನ್ನ ಫೋನಿಗೂ ಬಂದಿತ್ತು. ಸುಮ್ನೆ ನೋಡಿ ಬಿಟ್ಟಿದ್ದೆ, ತೆಗೀರಿ ಅಂತ ಒಂದು ಮಾತು ಹೇಳಲಿಲ್ಲ. ಅದು ಈಗ ಜಾಸ್ತಿ ಚುಚ್ಚುತ್ತಿದೆ.

ಕಾಯ್ದೆ ಬರೆದವರು ಮಗು ಬದಲಾಗುತ್ತದೆ ಅಂತ ನಂಬಿದ್ದಾರೆ. ನಾವು ಓಣಿಯವರು ನಂಬೋದು ಬೇಡವಾ?

ಉಚಿತ ವಕೀಲರಿಗಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ನಾಳೆ ಅಕ್ಕನ ಜೊತೆ ನಾನೂ ಹೋಗುತ್ತೇನೆ. ಆ ಜೆರಾಕ್ಸಿಗೆ ಒಂದು ಫೈಲ್ ತಂದಿಟ್ಟಿದ್ದೇನೆ.