ಕಡಲೆಕಾಯಿ ಅಂಗಡೀಲಿ ಬೆಳಿಯತ್ತಂತೆ!

ನಾಲ್ಕು ವರ್ಷದ ನನ್ ಮಗಳು ಹಂಗೇ ಅಂತಿದ್ಳು, ಅದಕ್ಕೆ ಕಾರ್ತಿಕದ ಕೊನೇ ಸೋಮವಾರ ಬೆಂಗಳೂರಿನ ಬಸವನಗುಡಿ ಕಡಲೆಕಾಯಿ ಪರಿಷೆಗೆ ಅವಳನ್ನೂ ಪಕ್ಕದ ಮನೆ ಚಿಲ್ಟಾರಿನೂ ಕರ್ಕೊಂಡು ಹೋದೆ, ಆ ರಶ್ಶಲ್ಲಿ ಇಬ್ರನ್ನೂ ಒಬ್ಳೇ, ನಂಗೇ ಬುದ್ಧಿ ಇರ್ಲಿಲ್ಲ ಬಿಡಿ. ಒಬ್ರು ಬೇರು ಸಮೇತ ಗಿಡಾನೇ ಇಟ್ಕೊಂಡಿದ್ರು. ಹಳದಿ ಹೂವು ಮೇಲೆ ಅರಳತ್ತೆ, ಆಮೇಲೆ ಅದರ ಬುಡದಿಂದ ದಾರದ ಥರ ಒಂದು ಕೆಳಗಿಳಿದು ಮಣ್ಣೊಳಗೆ ಹೋಗಿ ಅಲ್ಲಿ ಕಾಯಿ ಕಟ್ಟತ್ತೆ ಅಂತ ತೋರಿಸಿದ್ರೆ ಇಬ್ರೂ ಬಾಯ್ಬಿಟ್ಕೊಂಡು ನೋಡಿದ್ರು. ಬೇಯ್ಸಿದ್ದು ಮಗಳಿಗೆ ಇಷ್ಟ ಆಯ್ತು. ಚಿಕ್ಕವನಿಗಿನ್ನೂ ಎರಡೂವರೆ, ಇಡೀ ಕಾಳು ಗಂಟಲಿಗೆ ಸಿಕ್ಕತ್ತೆ ಅಂತ ಚೆನ್ನಾಗಿ ಹಿಚುಕಿ ಕೊಟ್ಟೆ.

ಮಾರನೇ ದಿನದಿಂದ ನಮ್ಮನೆ ದಿವಾನ್ ಮೇಲೇ ಪರಿಷೆ! ಸ್ಟೀಲ್ ಲೋಟಾನೇ ಸೇರು, ಹಳೇ ಕ್ಯಾಲೆಂಡರ್ ಹಾಳೆ ಪೊಟ್ಣ, ಹಸೀದಾ ಹುರಿದಿದ್ದಾ ಅಂತ ಗತ್ತಲ್ಲಿ ಕೇಳ್ತಾಳೆ. ತಾತ ಹತ್ತು ರೂಪಾಯಿಗೆ ಕೊಡು ಅಂದ್ರೆ ‘ಮಳೆ ಬಂದಿಲ್ಲ, ಆಗಲ್ಲ’ ಅಂತಾಳೆ, ಇದನ್ನ ಎಲ್ಲಿ ಕೇಳಿಸ್ಕೊಂಡ್ಳೋ. ಕೊಸರು ಕೇಳಿದ್ರೆ ಎರಡೇ ಎರಡು ಹಾಕ್ತಾಳೆ, ಜಿಪುಣಿ.