ಮಕ್ಕಳ ಹತ್ತಿರ ರಾಜಕೀಯ ಯಾಕೆ ಮಾತಾಡಿಸುತ್ತೀರಿ?

ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಪಿಟಿಎ ಮೀಟಿಂಗಿನಲ್ಲಿ ನನ್ನನ್ನು ಕೇಳುವುದು ಇದನ್ನೇ. "ಟೀಚರ್, ಕಲಿಯಲು ಬಂದ ಮಕ್ಕಳು. ಅವರ ಹತ್ತಿರ ರಾಜಕೀಯ ಯಾಕೆ? ಸುಮ್ನೆ ಜಗಳ ಅಲ್ವಾ?"

ನಾನು ಕಾಸರಗೋಡಿನ ಹತ್ತಿರದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೇನೆ. ಬುಧವಾರ ಸಂಜೆ ಕ್ಲಾಸ್ ಬಿಟ್ಟ ಮೇಲೆ ಹದಿನೈದು ಇಪ್ಪತ್ತು ಮಕ್ಕಳು ಕೂತು ಮಾತಾಡುತ್ತಾರೆ. ಕೆಂಪು, ನೀಲಿ, ಹಸಿರು, ಕೇಸರಿ ಎಲ್ಲ ಬಾವುಟದವರೂ ಇರುತ್ತಾರೆ. ಯಾವ ಬಾವುಟವೂ ಬೇಡ ಅನ್ನುವವರೂ ಇರುತ್ತಾರೆ.

ರಾಜಕೀಯವನ್ನು ಕಾಲೇಜಿಗೆ ತಂದದ್ದು ನಾನಲ್ಲ. ಯೂನಿಯನ್ ಚುನಾವಣೆ ಬಂತೆಂದರೆ ಒಂದೇ ಬೆಂಚಿನವರು ಬುತ್ತಿ ಹಂಚಿಕೊಳ್ಳುವುದನ್ನೂ ಬಿಡುತ್ತಾರೆ. ಘೋಷಣೆ ಕೂಗುತ್ತಾರೆ, ಮಾತಾಡುವುದಿಲ್ಲ. ನನಗೆ ನೋವಾಗುವುದು ಅಲ್ಲಿ.

ದಾರಿ ಸಿಕ್ಕಿದ್ದು ಯಕ್ಷಗಾನದ ತಾಳಮದ್ದಳೆಯಲ್ಲಿ. ನಮ್ಮದು ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ ತಾನೇ. ವೇಷ ಇಲ್ಲ, ಕುಣಿತ ಇಲ್ಲ, ಹಾಡಿನ ಹಿಂದೆ ಬರೀ ಮಾತು. ಇವತ್ತು ಕೃಷ್ಣನ ಅರ್ಥ ಹೇಳಿದವರು, ಅಂದರೆ ಕೃಷ್ಣನಾಗಿ ವಾದ ಮಾಡಿದವರು, ನಾಳೆ ಕೌರವನ ಅರ್ಥ ಹೇಳಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ರಾವಣನ ಅರ್ಥಕ್ಕೆ ಕೂತರೆ ಜನ ರಾತ್ರಿಯಿಡೀ ಎಚ್ಚರವಿದ್ದು ಕೇಳುತ್ತಿದ್ದರು. ರಾವಣ ಸರಿ ಅಂತಲ್ಲ, ಅವನಿಗೂ ಹೇಳಲಿಕ್ಕೆ ಇದೆ ಅಂತ. ನಮ್ಮ ಬುಧವಾರದ ನಿಯಮವೂ ಅದೇ. ಮೊದಲು ಎದುರಿನವರ ವಾದವನ್ನು ನೀವು ಹೇಳಬೇಕು. "ಹೌದು, ನಾನು ಹೇಳುವುದು ಇದನ್ನೇ" ಅಂತ ಅವರು ಒಪ್ಪಿದ ಮೇಲೆಯೇ ನಿಮ್ಮ ಸರದಿ.

ಒಮ್ಮೆ ಭಾಷೆಯ ವಿಷಯ ಬಂತು. ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಿದ ಕೇರಳದ 2017ರ ಕಾನೂನು. ಕನ್ನಡ ಮೀಡಿಯಂನಲ್ಲಿ ಕಲಿತ ಹುಡುಗ 1956ರ ನವೆಂಬರ್ 1ರಿಂದಲೇ ಶುರು ಮಾಡಲು ಹೊರಟ. ಕಾಸರಗೋಡು ಕೇರಳಕ್ಕೆ ಸೇರಿದ ದಿನ ಅದು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ವಿವಾದ ನೋಡಿದ ಮಹಾಜನ ಆಯೋಗ 1967ರಲ್ಲಿ ಹೇಳಿದ್ದು ಅವನಿಗೆ ಬಾಯಿಪಾಠ. ನಾನು ತಡೆದೆ. ಮೊದಲು ಮಲಯಾಳಂ ಯಾಕೆ ಬೇಕು ಅಂತ ಹೇಳು ಅಂದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ, "ಪಿಎಸ್‌ಸಿಯ ಸರ್ಕಾರಿ ಕೆಲಸ, ಆಸ್ಪತ್ರೆ, ಠಾಣೆ, ಎಲ್ಲದಕ್ಕೂ ಬೇಕು. ಕಲಿಸದಿದ್ದರೆ ನಮಗೇ ನಷ್ಟ ಅಂತ ಅವರ ವಾದ."

ಎದುರಿಗಿದ್ದವಳು ಮಲಯಾಳಂ ಮಾತಾಡುವ ಕಾಞಂಗಾಡಿನ ಹುಡುಗಿ. ಕನ್ನಡದವರ ಪರ ಮಾತಾಡಬೇಕಲ್ಲ, ಅವಳು ಅವನನ್ನೇ ಕೇಳಿದಳು. "ವಿಲೇಜ್ ಆಫೀಸಿನಲ್ಲಿ ಮಲಯಾಳಂ ಫಾರಂ ಕೊಟ್ಟರೆ ನಿನ್ನ ಅಜ್ಜಿ ಏನು ಮಾಡುತ್ತಾರೆ?" ಪಕ್ಕದ ಮನೆಯವರು ತುಂಬಿಸಿ ಕೊಡುತ್ತಾರೆ, ಅಜ್ಜಿ ಹೆಬ್ಬೆಟ್ಟು ಒತ್ತುತ್ತಾರೆ ಅಂದ. "ಓದಲು ಬರುತ್ತದಾ?" "ಕನ್ನಡ ಚೆನ್ನಾಗಿ ಓದುತ್ತಾರೆ." ಅವಳು ಅದನ್ನೇ ತನ್ನ ವಾದ ಮಾಡಿಕೊಂಡಳು. ಓದು ಬರುವವರನ್ನು ಹೆಬ್ಬೆಟ್ಟಿನವರನ್ನಾಗಿ ಮಾಡಬಾರದು ಅಂದಳು. ಇಬ್ಬರೂ ತಮ್ಮ ನಿಲುವು ಬಿಡಲಿಲ್ಲ. ಬಿಡಬೇಕು ಅಂತ ನನಗೂ ಇರಲಿಲ್ಲ.

ಕೆಟ್ಟದ್ದೂ ಆಗಿದೆ. ಒಬ್ಬ ಹುಡುಗಿ ಎದುರು ಪಕ್ಷದ ಪರವಾಗಿ ಹೇಳಿದ ಎರಡು ಮಾತನ್ನು ಯಾರೋ ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಹಾಕಿದರು. ಅದು ಅವಳದೇ ಅಭಿಪ್ರಾಯ ಅಂತ ಊರಲ್ಲಿ ಹಬ್ಬಿತು. ಅವಳ ಮನೆಗೆ ಹೋಗಿ ಅಮ್ಮನ ಹತ್ತಿರ ಕ್ಷಮೆ ಕೇಳಿದೆ. ಅವತ್ತಿನಿಂದ ಎಲ್ಲರ ಮೊಬೈಲೂ, ನನ್ನದೂ, ಬಾಗಿಲ ಹತ್ತಿರದ ಬುಟ್ಟಿಯಲ್ಲಿ. ಮೊದಲೇ ಮಾಡಬೇಕಿತ್ತು.

ಇಷ್ಟೆಲ್ಲ ಯಾಕೆ ಅಂದರೆ, ಈ ಮಕ್ಕಳು ಆಗಲೇ ವೋಟು ಹಾಕುವವರು. 2016ರಲ್ಲಿ ನಮ್ಮ ಜಿಲ್ಲೆಯ ಮಂಜೇಶ್ವರ ವಿಧಾನಸಭಾ ಕ್ಷೇತ್ರದಲ್ಲಿ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ 89 ವೋಟು. 2021ರಲ್ಲಿ 745. ಹೆಚ್ಚು ಕಡಿಮೆ ಸರಿಸಮ ಅಂದ ಹಾಗೆ. ಯಾರು ಗೆದ್ದರೂ ಸೋತವರು ಆಚೆ ಮನೆಯಲ್ಲೇ ಇರುತ್ತಾರೆ. ಅವರ ಬಾವಿಯಿಂದಲೇ ಬೇಸಿಗೆಯಲ್ಲಿ ನೀರು ತರಬೇಕು.

ಮುಂದಿನ ಬುಧವಾರದ ವಿಷಯ ಹೆದ್ದಾರಿ 66. ಅಗಲ ಮಾಡಿದ ರಸ್ತೆಯನ್ನು ದಾಟುವುದು ಹೇಗೆ ಅಂತ. ನಿಮ್ಮ ಮಗಳು ಆ ದಿನ ಐದು ಗಂಟೆಯ ಬಸ್ಸಿಗೆ ಬರುತ್ತಾಳೆ, ದಯವಿಟ್ಟು ಬೈಯಬೇಡಿ.